ಮೂವತ್ತು ಗಂಟೆಯನ್ನು ಯಾವುದಕ್ಕೆ ಬಳಸಬೇಕು?

ಪ್ರಶ್ನೆ: ನಾನು ಎಂಬಿಬಿಎಸ್ ಮುಗಿಸಿ ಹದಿನಾಲ್ಕು ವರ್ಷಗಳಾದವು. ದಕ್ಷಿಣ ಕೊಡಗಿನ ಹಳ್ಳಿಯೊಂದರಲ್ಲಿ ಒಬ್ಬಳೇ ಕ್ಲಿನಿಕ್ ನಡೆಸುತ್ತಿದ್ದೇನೆ. ಮುಂದಿನ ವರ್ಷ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನನ್ನ ನೋಂದಣಿ ನವೀಕರಣವಾಗಬೇಕು. ಅದಕ್ಕೆ ಬೇಕಾದ 30 ಗಂಟೆಗಳ ಕಲಿಕೆಯಲ್ಲಿ ಇದುವರೆಗೆ ನನ್ನ ಲೆಕ್ಕದಲ್ಲಿರುವುದು 11 ಕ್ರೆಡಿಟ್ ಗಂಟೆ ಮಾತ್ರ. ಮೈಸೂರಿಗೋ ಮಂಗಳೂರಿಗೋ ಹೋಗಿ ಉಪನ್ಯಾಸ ಕೇಳಬೇಕೆಂದರೆ ಆ ದಿನ ಕ್ಲಿನಿಕ್ ಮುಚ್ಚಬೇಕು. ಸುಮ್ಮನೆ ಕುಳಿತು ಬರುವುದರಿಂದ ನನ್ನ ರೋಗಿಗಳಿಗೆ ಏನು ಲಾಭ? ಔಷಧ ಕಂಪನಿಯ ಪ್ರತಿನಿಧಿಯೊಬ್ಬರು ಬೇರೆ ಊರಿನ ಎರಡು ದಿನಗಳ ಕಾರ್ಯಕ್ರಮಕ್ಕೆ ಪ್ರಯಾಣ, ವಸತಿ ಎರಡನ್ನೂ ತಾವೇ ನೋಡಿಕೊಳ್ಳುವುದಾಗಿ ಹೇಳುತ್ತಿದ್ದಾರೆ, ಒಪ್ಪಬಹುದೇ? ಇನ್ನೊಂದು ವಿಷಯ. ಪಕ್ಕದ ಊರಿನಲ್ಲಿರುವ ಎಪ್ಪತ್ತು ದಾಟಿದ ಹಿರಿಯ ವೈದ್ಯರು ಈ ಗೋಜೇ ಬೇಡವೆಂದು ಕ್ಲಿನಿಕ್ ಮುಚ್ಚುವ ಮಾತಾಡುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ಗಾಬರಿ ಬೇಡ, ಡಾಕ್ಟರೇ. ಬೇಕಿರುವುದು 19 ಗಂಟೆ, ಕೈಯಲ್ಲಿರುವುದು ಒಂದು ವರ್ಷ. ರಸ್ತೆಯನ್ನೇ ನಂಬಲಾಗದ ನಮ್ಮ ಮಳೆಗಾಲದ ತಿಂಗಳುಗಳನ್ನು ಪೂರ್ತಿ ಬಿಟ್ಟು ಲೆಕ್ಕ ಹಾಕಿದರೂ ಇದು ಮುಗಿಯುವ ಕೆಲಸ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಗಂಟೆಗಳ ಕೊರತೆಯಲ್ಲ, ರೋಗಿಗಳಿಗೆ ಏನು ಲಾಭ ಎಂಬ ಪ್ರಶ್ನೆ. ನಿಯಮದ ವಿಷಯವನ್ನು ಬೇಗ ಮುಗಿಸಿ ಅಲ್ಲಿಗೆ ಬರುತ್ತೇನೆ.

ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿ ನಡತೆಯ ನಿಯಮಾವಳಿ, ಪ್ರತಿ ವೈದ್ಯರೂ ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆ ನಿರಂತರ ವೈದ್ಯಕೀಯ ಶಿಕ್ಷಣದ ಕಾರ್ಯಕ್ರಮಗಳಲ್ಲಿ, ಅಂದರೆ ನಾವು ಸಿಎಂಇ ಎನ್ನುವವುಗಳಲ್ಲಿ, ಭಾಗವಹಿಸಬೇಕೆಂದು ಹೇಳಿತು. ನಮ್ಮ ರಾಜ್ಯದಲ್ಲಿ ನೋಂದಣಿ ನಡೆಯುವುದು 1961ರ ಕರ್ನಾಟಕ ವೈದ್ಯಕೀಯ ನೋಂದಣಿ ಕಾಯ್ದೆಯಡಿ. ಐದು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ಅದೇ 30 ಕ್ರೆಡಿಟ್ ಗಂಟೆ. 2020ರ ಸೆಪ್ಟೆಂಬರ್‌ನಲ್ಲಿ ಹಳೆಯ ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಆಯೋಗ 2023ರ ಆಗಸ್ಟ್ 2ರಂದು ಹೊಸ ನಡತೆ ನಿಯಮಗಳನ್ನು ಪ್ರಕಟಿಸಿ, ಅದೇ ತಿಂಗಳ 23ರಂದು ಅವುಗಳನ್ನು ತಡೆಹಿಡಿಯಿತು. ಹಾಗಾಗಿ 2002ರ ನಿಯಮಾವಳಿಯೇ ಮತ್ತೆ ಜಾರಿಗೆ ಬಂತು. ಎರಡರಲ್ಲಿಯೂ ಮೂವತ್ತರ ಸಂಖ್ಯೆ ಬದಲಾಗಿಲ್ಲ, ಆದ್ದರಿಂದ ಆ ಗೊಂದಲದಲ್ಲಿ ನೀವು ಸಿಕ್ಕಿಕೊಳ್ಳಬೇಕಾಗಿಲ್ಲ.

ಕಾರ್ಯಕ್ರಮಕ್ಕೆ ಹೆಸರು ಕೊಡುವ ಮೊದಲು ಅದಕ್ಕೆ ಕರ್ನಾಟಕ ಪರಿಷತ್ತಿನ ಮಾನ್ಯತೆ ಇದೆಯೇ, ಎಷ್ಟು ಗಂಟೆ ಮಂಜೂರಾಗಿದೆ ಎಂದು ವಿಚಾರಿಸಿ. ಆನ್‌ಲೈನ್ ಕಾರ್ಯಕ್ರಮಕ್ಕೂ ಇದೇ ಮಾತು. ದಿನವಿಡೀ ಕುಳಿತು ಬಂದ ಮೇಲೆ ಆ ಪ್ರಮಾಣಪತ್ರ ನವೀಕರಣಕ್ಕೆ ನಡೆಯುವುದಿಲ್ಲವೆಂದು ತಿಳಿದರೆ, ಕ್ಲಿನಿಕ್ ಮುಚ್ಚಿ ಹೋದ ನಿಮ್ಮಂಥವರಿಗೆ ಅದು ಎರಡು ಬಗೆಯ ನಷ್ಟ. ಮೈಸೂರು, ಮಂಗಳೂರುಗಳಷ್ಟನ್ನೇ ನೋಡಬೇಡಿ. ಮಡಿಕೇರಿಯಲ್ಲಿ 2016ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ. ಅಲ್ಲಿನ ವಿಭಾಗಗಳವರನ್ನು, ಭಾರತೀಯ ವೈದ್ಯಕೀಯ ಸಂಘದ ಸ್ಥಳೀಯ ಪದಾಧಿಕಾರಿಗಳನ್ನು ಕೇಳಿದರೆ ವರ್ಷದ ಕಾರ್ಯಕ್ರಮಗಳ ಅಂದಾಜು ಸಿಗುತ್ತದೆ. ವಿರಾಜಪೇಟೆ, ಗೋಣಿಕೊಪ್ಪ ಕಡೆಯ ನಾಲ್ಕೈದು ವೈದ್ಯರು ಸೇರಿ, ನಮ್ಮ ಭಾಗದಲ್ಲೇ ಒಂದು ಭಾನುವಾರ ಇಂಥ ವಿಷಯದ ಮೇಲೆ ಮಾನ್ಯತೆ ಪಡೆದ ಕಾರ್ಯಕ್ರಮ ಮಾಡಿ ಎಂದು ಕೇಳಿಕೊಂಡರೆ ಇನ್ನೂ ಒಳ್ಳೆಯದು. ಊರಿನಿಂದ ಬೇಡಿಕೆ ಹೋದರೆ ವಿಷಯವನ್ನೂ ಊರೇ ಆರಿಸಿದಂತಾಗುತ್ತದೆ.

ಅರ್ಜಿಯನ್ನು ಕೊನೆಯ ವಾರಕ್ಕೆ ಉಳಿಸಬೇಡಿ. ವೃತ್ತಿ ಪರವಾನಗಿಯ ಬಗ್ಗೆ ಆಯೋಗ 2023ರ ಮೇ ತಿಂಗಳಲ್ಲಿ ಹೊರಡಿಸಿದ ನಿಯಮಗಳಲ್ಲಿಯೂ ಐದು ವರ್ಷದ ಅವಧಿ ಮತ್ತು ಅದು ಮುಗಿಯುವ ಮೂರು ತಿಂಗಳ ಮುಂಚಿನ ಅರ್ಜಿಯ ಮಾತಿದೆ. 2024ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ರಿಜಿಸ್ಟರ್‌ನ ಪೋರ್ಟಲ್ ಆರಂಭವಾದ ಮೇಲೆ ಆಧಾರ್, ಪದವಿ ಪ್ರಮಾಣಪತ್ರ, ರಾಜ್ಯದ ನೋಂದಣಿ ಈ ಮೂರರಲ್ಲಿಯೂ ಹೆಸರು ಒಂದೇ ರೀತಿ ಇರುವುದು ಮುಖ್ಯವಾಗಿದೆ. ನಮ್ಮಲ್ಲಿ ಮದುವೆಯ ನಂತರ ಮನೆತನದ ಹೆಸರು ಬದಲಾದ ವೈದ್ಯೆಯರು ಬಹಳ ಮಂದಿ. ನಿಮ್ಮದೂ ಹಾಗಿದ್ದರೆ ಅದನ್ನು ಈ ತಿಂಗಳೇ ಸರಿಪಡಿಸಲು ಹೊರಡಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ರಾಜ್ಯ ಕಾಯ್ದೆಯಡಿ (ಕೆಪಿಎಂಇ) ಕ್ಲಿನಿಕ್‌ಗೆ ಸಿಗುವ ನೋಂದಣಿ ಬೇರೆ, ನಿಮ್ಮ ವೈಯಕ್ತಿಕ ನೋಂದಣಿ ಬೇರೆ. ಮೊದಲನೆಯದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರದಲ್ಲಿ, ಎರಡನೆಯದು ಬೆಂಗಳೂರಿನ ಪರಿಷತ್ತಿನಲ್ಲಿ. ಒಂದು ಚಾಲ್ತಿಯಲ್ಲಿದ್ದ ಮಾತ್ರಕ್ಕೆ ಇನ್ನೊಂದೂ ಸರಿಯಿದೆ ಎಂದುಕೊಳ್ಳಬೇಡಿ.

ಕಂಪನಿಯ ಪ್ರತಿನಿಧಿಗೆ ಬೇಡ ಎಂದು ಹೇಳಿ. ಇದರಲ್ಲಿ ಮೀನಮೇಷ ಎಣಿಸುವುದಕ್ಕೆ ಏನೂ ಇಲ್ಲ. 2002ರ ನಿಯಮಾವಳಿಗೆ 2009ರ ಡಿಸೆಂಬರ್‌ನಲ್ಲಿ ಬಂದ ತಿದ್ದುಪಡಿ, ಔಷಧ ಕಂಪನಿಗಳಿಂದ ಉಡುಗೊರೆ, ಪ್ರಯಾಣ, ಆತಿಥ್ಯ ಯಾವುದನ್ನೂ ವೈದ್ಯರು ಸ್ವೀಕರಿಸಬಾರದೆಂದು ಸ್ಪಷ್ಟವಾಗಿ ಹೇಳಿದೆ. ಉಪನ್ಯಾಸಕರಾಗಿ ಬರುವವರ ಹೊರತು ಬೇರೆ ವೈದ್ಯರಿಗೆ ಪ್ರಯಾಣದ ಸೌಲಭ್ಯ ಒದಗಿಸಬಾರದೆಂದು ಕಂಪನಿಗಳ ಮೇಲೆಯೇ 2024ರ ಮಾರ್ಚ್‌ನ ಏಕರೂಪ ಮಾರಾಟ ಸಂಹಿತೆ ಕಟ್ಟುಪಾಡು ಹಾಕಿದೆ. ನಿಯಮವೇ ಇಲ್ಲದಿದ್ದರೂ ನನ್ನ ಉತ್ತರ ಇದೇ ಆಗಿರುತ್ತಿತ್ತು. ಎರಡು ದಿನ ಯಾರ ಖರ್ಚಿನಲ್ಲಿ ಉಂಡು ಮಲಗಿ ಬಂದಿರುತ್ತೇವೆಯೋ ಅವರ ಮಾತ್ರೆಯ ಹೆಸರು ಮರುದಿನ ಚೀಟಿ ಬರೆಯುವಾಗ ಮೊದಲು ನೆನಪಾಗುತ್ತದೆ. ಅದರ ಹಣ ತೆರುವವರು ತೋಟದ ಲೈನ್‌ಮನೆಯ ಕೂಲಿಕಾರರು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಬರಿದೇ ಉಪನ್ಯಾಸ ಕೇಳುವುದರಿಂದ ವೈದ್ಯರ ಕೆಲಸದ ರೀತಿ ಹೆಚ್ಚೇನೂ ಬದಲಾಗುವುದಿಲ್ಲ ಎಂಬ ನಿಮ್ಮ ಅನುಮಾನ ಸರಿ. ಹಾಗೆಂದು ಅನುಭವವೊಂದೇ ನಮ್ಮನ್ನು ಕಾಯುತ್ತದೆ ಎಂಬ ನಂಬಿಕೆಗೂ ಆಧಾರ ಸಾಲದು. ವೃತ್ತಿಯಲ್ಲಿ ಕಳೆದ ವರ್ಷಗಳಿಗೂ ಚಿಕಿತ್ಸೆಯ ಗುಣಮಟ್ಟಕ್ಕೂ ಏನು ಸಂಬಂಧ ಎಂದು ನೋಡಿದ 62 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಪ್ರಬಂಧವೊಂದು 2005ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ತಾವು ಅಳೆದ ಎಲ್ಲ ವಿಷಯಗಳಲ್ಲಿಯೂ ವರ್ಷ ಕಳೆದಂತೆ ಗುಣಮಟ್ಟ ಇಳಿಯುವುದನ್ನೇ ಕಂಡವು. ಓದಿ ಬಂದದ್ದು ಹಳತಾಗುತ್ತದೆ, ಹಳತಾದದ್ದು ನಮಗೇ ಗೊತ್ತಾಗುವುದಿಲ್ಲ. ನವೀಕರಣದ ನಿಯಮ ಹುಟ್ಟಿದ್ದು ಈ ಕಾರಣಕ್ಕೆ, ಮತ್ತು ಈ ಕಾರಣ ನ್ಯಾಯವಾದದ್ದು. ದೊಡ್ಡ ಆಸ್ಪತ್ರೆಯಲ್ಲಿರುವವರನ್ನು ಸಹೋದ್ಯೋಗಿಗಳಾದರೂ ತಿದ್ದುತ್ತಾರೆ. ಒಬ್ಬಳೇ ಕುಳಿತು ನೋಡುವ ನಿಮ್ಮ ಚೀಟಿಯನ್ನು ತಿದ್ದುವವರು ಯಾರೂ ಇಲ್ಲ. ಆದ್ದರಿಂದ ಈ ಮೂವತ್ತು ಗಂಟೆ ನಗರದ ತಜ್ಞರಿಗಿಂತ ನಿಮಗೆ ಹೆಚ್ಚು ಬೇಕು. ಸಿಕ್ಕ ಕಾರ್ಯಕ್ರಮಕ್ಕೆ ಹೋಗುವುದನ್ನು ಬಿಟ್ಟು, ನಿಮ್ಮ ಬಾಗಿಲಿಗೆ ಬರುವ ರೋಗಿಗಳನ್ನು ನೋಡಿ ವಿಷಯ ಆರಿಸಿ.

ಹಾವು ಕಡಿತವನ್ನೇ ತೆಗೆದುಕೊಳ್ಳಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಗಿಡದ ಬುಡಕ್ಕೆ ಕೈ ಹಾಕುವವರಿಗೆ, ತರಗೆಲೆಯ ಮೇಲೆ ಬರಿಗಾಲಿನಲ್ಲಿ ನಡೆಯುವವರಿಗೆ ಇದು ದಿನನಿತ್ಯದ ಅಪಾಯ. ನಮ್ಮ ದೇಶದಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ಕೆಲಸ ಮಾಡುವುದು ನಾಲ್ಕು ಹಾವುಗಳ ವಿಷದ ಮೇಲೆ: ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. ಪಶ್ಚಿಮಘಟ್ಟದ ಕಾಫಿ, ಏಲಕ್ಕಿ ತೋಟಗಳಲ್ಲಿ ಕಡಿಯುವ, ಮೂತಿ ಮೇಲಕ್ಕೆ ಬಾಗಿದ ಚಿಕ್ಕ ಗುಳಿಮಂಡಲದ ವಿಷಕ್ಕೆ ಅದು ನಾಟುವುದಿಲ್ಲ. ಆದರೆ ಆ ಹಾವು ಕಡಿದಾಗಲೂ ಕೈಕಾಲು ಊದಿಕೊಳ್ಳುತ್ತದೆ, ಕೆಲವರಲ್ಲಿ ರಕ್ತ ಹೆಪ್ಪುಗಟ್ಟದೆ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ನೋಡುವವರು ಕೊಳಕುಮಂಡಲವೆಂದೇ ತಿಳಿದು ಬಾಟಲಿಯ ಮೇಲೆ ಬಾಟಲಿ ಔಷಧ ಏರಿಸುತ್ತಾರೆ. ವಿಷ ಇಳಿಯುವುದಿಲ್ಲ, ಔಷಧದ ಅಲರ್ಜಿಯ ಅಪಾಯ ಮಾತ್ರ ರೋಗಿಯ ಪಾಲಿಗೆ ಉಳಿಯುತ್ತದೆ. ಬಯಲುಸೀಮೆಯ ಊರಿಗಾಗಿ ಸಿದ್ಧವಾದ ಉಪನ್ಯಾಸದಲ್ಲಿ ಈ ಹಾವಿನ ಹೆಸರೂ ಬರುವುದಿಲ್ಲ. ಹಾಗಾಗಿ ಮಾತನಾಡುವವರನ್ನು ನೀವೇ ಕೇಳಬೇಕು: ನಮ್ಮ ತೋಟದ ಹಾವುಗಳ ಬಗ್ಗೆ ಹೇಳುತ್ತೀರಾ?

ಇದರಲ್ಲಿ ಕೈಯಿಂದ ಮಾಡಿಯೇ ಕಲಿಯಬೇಕಾದ ಸಂಗತಿಗಳೂ ಇವೆ. ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಬೇಕಿರುವುದು ಒಣಗಿದ, ಶುಭ್ರವಾದ ಗಾಜಿನ ನಳಿಕೆ. ಪ್ಲಾಸ್ಟಿಕ್ ನಳಿಕೆಯಲ್ಲಿ ಮಾಡಿದರೆ, ಅಥವಾ ಸಾಬೂನಿನ ಪುಡಿಯಲ್ಲಿ ತೊಳೆದ ಗಾಜಿನಲ್ಲಿ ಮಾಡಿದರೆ ಉತ್ತರ ತಪ್ಪಾಗುತ್ತದೆ. ನಡುವೆ ಅಲ್ಲಾಡಿಸಲೂಬಾರದು. ಇಷ್ಟು ಸರಳ ಪರೀಕ್ಷೆಯನ್ನು ಸರಿಯಾಗಿ ಮಾಡಿದ ವೈದ್ಯೆ, ರೋಗಿಯನ್ನು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಬೇಕೋ ನೇರ ಮಡಿಕೇರಿಗೋ ಎಂದು ಅರ್ಧ ಗಂಟೆಯೊಳಗೆ ತೀರ್ಮಾನಿಸಬಲ್ಲರು. ಕಟ್ಟುಹಾವಿನ ಕಡಿತದಲ್ಲಿ ಗಾಯವೇ ಕಾಣದಿರಬಹುದು. ನಸುಕಿನಲ್ಲಿ ಹೊಟ್ಟೆನೋವೆಂದು ಬಂದ ಕಾರ್ಮಿಕನ ರೆಪ್ಪೆ ಇಳಿಬಿದ್ದಿದೆಯೇ ಎಂದು ನೋಡದೆ ಹೊಟ್ಟೆಹುಳಿಯ ಮದ್ದು ಕೊಟ್ಟು ಕಳುಹಿಸಿದರೆ, ದಾರಿಯಲ್ಲೇ ಅವನ ಉಸಿರು ನಿಲ್ಲಬಹುದು. 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯಾಗಿ ಘೋಷಿಸಿತು. ವರದಿ ಮಾಡುವ ಹೊಣೆ ಖಾಸಗಿ ಕ್ಲಿನಿಕ್‌ಗಳ ಮೇಲೂ ಇದೆ. ಹದಿನಾಲ್ಕು ವರ್ಷಗಳ ಹಿಂದೆ ನೀವು ಓದುವಾಗ ಈ ಹೊಣೆ ಇರಲಿಲ್ಲ.

ತೋಟದ ಇನ್ನೊಂದು ಸಂಕಟ ಕಳೆನಾಶಕ. ಪ್ಯಾರಾಕ್ವಾಟ್ ಕುಡಿದು ಬಂದವರಿಗೆ ಆಮ್ಲಜನಕ ಹಚ್ಚುವುದು ನಮ್ಮ ಕೈಗೆ ಅಭ್ಯಾಸವಾಗಿಬಿಟ್ಟ ಕ್ರಮ. ಆದರೆ ಅದು ಶ್ವಾಸಕೋಶದ ಹಾನಿಯನ್ನು ಹೆಚ್ಚಿಸುತ್ತದೆ. ರಕ್ತದಲ್ಲಿ ಆಮ್ಲಜನಕ ನಿಜವಾಗಿ ಕುಸಿದಿಲ್ಲದಿದ್ದರೆ ಕೊಡಬಾರದು. ಇದನ್ನು ತಿಳಿದಿರುವುದಕ್ಕೂ ತಿಳಿಯದಿರುವುದಕ್ಕೂ ನಡುವಿನ ಅಂತರ ಒಂದು ಜೀವದಷ್ಟಿರಬಹುದು.

ಜ್ವರಗಳ ಮೇಲೆಯೂ ಒಂದು ಪೂರ್ಣ ದಿನ ಕಳೆಯುವುದು ಸಾರ್ಥಕ. ಗದ್ದೆಯ ಕೆಸರಿನಲ್ಲಿ ನಿಂತವರ ಇಲಿಜ್ವರ, ಪೊದೆ ಸವರುವವರಿಗೆ ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್, ಡೆಂಗಿ ಇವೆಲ್ಲ ಮೊದಲ ಮೂರು ದಿನ ಒಂದೇ ಮುಖ ತೋರುತ್ತವೆ. ಸ್ಕ್ರಬ್ ಟೈಫಸ್ ತೀವ್ರವಾದಾಗ ಡಾಕ್ಸಿಸೈಕ್ಲಿನ್ ಮತ್ತು ಅಜಿತ್ರೊಮೈಸಿನ್ ಎರಡನ್ನೂ ರಕ್ತನಾಳದ ಮೂಲಕ ಒಟ್ಟಿಗೆ ಕೊಡುವುದು ಒಂದನ್ನೇ ಕೊಡುವುದಕ್ಕಿಂತ ಮೇಲು ಎಂದು ನಮ್ಮ ದೇಶದಲ್ಲೇ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದು ಆಸ್ಪತ್ರೆಯಲ್ಲಿ ಕೊಡುವ ಚಿಕಿತ್ಸೆ. ಆದರೆ ಕಂಕುಳಲ್ಲಿ, ತೊಡೆಸಂದಿಯಲ್ಲಿ ಹುಳು ಕಚ್ಚಿದ ಕಪ್ಪು ಹಕ್ಕಳೆ ಹುಡುಕಿ ಮೊದಲು ಅನುಮಾನಿಸಬೇಕಾದವರು ನೀವು. ಕುಟ್ಟ, ಮಾಕುಟ್ಟದ ದಾರಿಯಲ್ಲಿ ದಿನವೂ ಕೇರಳದ ಕಡೆಗೆ ಹೋಗಿ ಬರುವವರಿರುವಾಗ, 2018ರಲ್ಲಿ ಕೋಯಿಕ್ಕೋಡ್‌ನಲ್ಲಿ ಕಾಣಿಸಿಕೊಂಡ ನಿಪಾ ವೈರಸ್ ನಮಗೆ ಪರದೇಶದ ಸುದ್ದಿಯಲ್ಲ. ಜ್ವರದ ಜೊತೆ ಮಂಕು ಕವಿದ ರೋಗಿಯನ್ನು ಎಲ್ಲಿಂದ ಬಂದಿರಿ, ಯಾರ ಆರೈಕೆ ಮಾಡಿದಿರಿ ಎಂದು ಕೇಳುವುದು, ಮುಖಗವಸು ಹಾಕಿಕೊಂಡೇ ಕೇಳುವುದು, ಇವೂ ವೃತ್ತಿ ಸಾಮರ್ಥ್ಯದ ಭಾಗವೇ.

ಹಾಡಿಗಳಿಂದ ಬರುವ ಯರವ, ಜೇನುಕುರುಬ ಬುಡಕಟ್ಟುಗಳ ಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಮತ್ತೆ ಮತ್ತೆ ಕೀಲುನೋವು, ಕಣ್ಣು ಹಳದಿ, ರಕ್ತ ಕಡಿಮೆ ಎಂದರೆ ಕಬ್ಬಿಣದ ಮಾತ್ರೆ ಕೊಟ್ಟು ಸುಮ್ಮನಾಗಬೇಡಿ. ಹುಟ್ಟಿನಿಂದಲೇ ಬರುವ ಕುಡಗೋಲು ಕಣ ರಕ್ತಹೀನತೆಯ (ಸಿಕಲ್ ಸೆಲ್) ಪರೀಕ್ಷೆ ಮಾಡಿಸಿ. 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಅಭಿಯಾನ, ಬುಡಕಟ್ಟು ಜನರಿರುವ ಪ್ರದೇಶಗಳಲ್ಲಿ ಈ ತಪಾಸಣೆ ಮಾಡಲೆಂದೇ ಹೊರಟದ್ದು. ಈ ವಿಷಯಕ್ಕೆ ಗಂಟೆ ಕೊಡುವ ಕಾರ್ಯಕ್ರಮ ಕಂಡರೆ ತಪ್ಪಿಸಿಕೊಳ್ಳಬೇಡಿ.

ಕಾನೂನಿನ ಬದಲಾವಣೆಗಳಿಗೆ ಒಂದೆರಡು ಗಂಟೆ ಸಾಕು. 2021ರ ಗರ್ಭಪಾತ ತಿದ್ದುಪಡಿ, 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವೈದ್ಯಕೀಯ ನಿರ್ಲಕ್ಷ್ಯದ ಕಲಂ, ಇಷ್ಟನ್ನು ಬಲ್ಲವರ ಬಾಯಿಂದ ಒಮ್ಮೆ ಕೇಳಿಸಿಕೊಳ್ಳಿ.

ಇನ್ನು, ಯಾವ ನಿಯಮವೂ ನಿಮ್ಮನ್ನು ಕೇಳದ, ಆದರೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವ ಕೆಲಸ. ಐರ್ಲೆಂಡಿನಲ್ಲಿ ವೃತ್ತಿ ಸಾಮರ್ಥ್ಯ ಕಾಪಾಡಿಕೊಳ್ಳುವುದು 2011ರ ಮೇ ತಿಂಗಳಿಂದ ವೈದ್ಯರ ಕಾನೂನುಬದ್ಧ ಕರ್ತವ್ಯ. ಆಗ ಅಲ್ಲಿ ವರ್ಷಕ್ಕೆ 50 ಕ್ರೆಡಿಟ್ ನಿಗದಿಯಾಯಿತು, ಜೊತೆಗೆ ಪ್ರತಿ ವರ್ಷ ಒಂದು ಕ್ಲಿನಿಕಲ್ ಆಡಿಟ್. ಬ್ರಿಟನ್‌ನಲ್ಲಿ 2012ರ ಡಿಸೆಂಬರ್‌ನಿಂದ ಐದು ವರ್ಷಕ್ಕೊಮ್ಮೆ ಮರುಮಾನ್ಯತೆ ಪಡೆಯಬೇಕು. ಅದಕ್ಕೆ ವಾರ್ಷಿಕ ಮೌಲ್ಯಮಾಪನವೂ ಬೇಕು, ರೋಗಿಗಳ ಮತ್ತು ಸಹೋದ್ಯೋಗಿಗಳ ಅಭಿಪ್ರಾಯವೂ ಬೇಕು. ಅವರ ಕಾಗದಪತ್ರಗಳ ಭಾರವನ್ನೆಲ್ಲ ನಮ್ಮ ಹಳ್ಳಿಯ ಕ್ಲಿನಿಕ್ ಮೇಲೆ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಕ್ಲಿನಿಕಲ್ ಆಡಿಟ್ ಎಂಬ ಒಂದನ್ನು ಮಾತ್ರ ಅಲ್ಲಿಂದ ತರಬೇಕು ಎನ್ನುತ್ತೇನೆ. ನಾವು ಮಾಡಬೇಕೆಂದು ಬಲ್ಲದ್ದನ್ನು ನಿಜವಾಗಿ ಮಾಡಿದ್ದೇವೆಯೇ ಎಂದು ನಮ್ಮದೇ ದಾಖಲೆ ತೆರೆದು ಎಣಿಸುವುದೇ ಆಡಿಟ್.

ಈ ವರ್ಷ ಹೀಗೆ ಮಾಡಿ ನೋಡಿ. ನಿಮ್ಮ ರಿಜಿಸ್ಟರ್‌ನಿಂದ ಕಳೆದ ಮೂರು ತಿಂಗಳಲ್ಲಿ ಬಂದ ಮೂವತ್ತು ಮಂದಿ ಮಧುಮೇಹಿಗಳನ್ನು ಆಯ್ಕೆ ಮಾಡಿ. ಒಳ್ಳೆಯ ಫಲಿತಾಂಶ ಬಂದವರನ್ನು ಹೆಕ್ಕಬೇಡಿ, ಬಂದ ಕ್ರಮದಲ್ಲೇ ತೆಗೆದುಕೊಳ್ಳಿ. ಎಷ್ಟು ಜನರ ರಕ್ತದೊತ್ತಡ 140/90ಕ್ಕಿಂತ ಕೆಳಗಿದೆ? ಎಷ್ಟು ಜನರ ಪಾದವನ್ನು ಚಪ್ಪಲಿ ಬಿಡಿಸಿ ನೋಡಿದ್ದೀರಿ? ಒಂದು ವರ್ಷದೊಳಗೆ ಕಣ್ಣಿನ ಪರೀಕ್ಷೆಗೆ ಎಷ್ಟು ಜನರನ್ನು ಕಳುಹಿಸಿದ್ದೀರಿ, ಅವರಲ್ಲಿ ಹೋಗಿ ಬಂದವರೆಷ್ಟು? ಉತ್ತರ ಬರೆದಿಟ್ಟು, ಬದಲಾಯಿಸಲು ಒಂದೇ ಒಂದು ವಿಷಯ ಆರಿಸಿಕೊಳ್ಳಿ. ಆರು ತಿಂಗಳ ನಂತರ ಮತ್ತೆ ಮೂವತ್ತು ಮಂದಿಯನ್ನು ಎಣಿಸಿ. ಇಂಥ ಎಣಿಕೆ ಪವಾಡ ಮಾಡುವುದಿಲ್ಲ. ಆಡಿಟ್ ಮಾಡಿ ಅದರ ಫಲವನ್ನು ವೈದ್ಯರಿಗೆ ತಿಳಿಸಿದ 140 ಅಧ್ಯಯನಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ಒಟ್ಟಿಗೆ ತೂಗಿ ನೋಡುವ ಕೋಕ್ರೇನ್ ಸಂಸ್ಥೆಯ 2012ರ ಪರಿಶೀಲನೆ ನೋಡಿದಾಗ, ಸರಿಯಾದ ಕ್ರಮ ಅನುಸರಿಸುವುದರಲ್ಲಿ ಕಂಡ ಸುಧಾರಣೆಯ ಮಧ್ಯಮ ಮೌಲ್ಯ ಶೇಕಡಾ 4.3 ಅಂಶ. ಆದರೆ ಮೊದಲಿನ ಮಟ್ಟ ಕೆಳಗಿದ್ದಲ್ಲಿ ಸುಧಾರಣೆ ಹೆಚ್ಚಿತ್ತು. ಒಂಟಿಯಾಗಿ ದುಡಿಯುವ ವೈದ್ಯರಿಗೆ ತಮ್ಮ ಮಟ್ಟ ಎಲ್ಲಿದೆ ಎಂದು ತಿಳಿಯಲು ಇಷ್ಟು ಪ್ರಾಮಾಣಿಕವಾದ ಇನ್ನೊಂದು ದಾರಿಯನ್ನು ನಾನು ಕಾಣೆ.

ಕೊನೆಗೆ, ಆ ಹಿರಿಯ ವೈದ್ಯರು. ಮೂರು ತಲೆಮಾರಿನ ಮನೆಗಳನ್ನು ಬಲ್ಲವರು ಹೀಗೆ ಬೇಸರದಿಂದ ಬಾಗಿಲು ಹಾಕುವುದು ನಿಮ್ಮ ಊರಿಗೆ ದೊಡ್ಡ ನಷ್ಟ. ಹಾಗೆಂದು ನವೀಕರಣವಿಲ್ಲದೆ ಮುಂದುವರಿಯಿರಿ ಎಂದು ಯಾರೂ ಅವರಿಗೆ ಸಲಹೆ ಕೊಡಬಾರದು. ನೋಂದಣಿ ಸಂಖ್ಯೆಯನ್ನು ಪ್ರತಿ ಚೀಟಿ, ಪ್ರಮಾಣಪತ್ರ, ರಸೀದಿಯ ಮೇಲೆ ಬರೆಯಬೇಕೆಂಬುದು 2002ರ ನಿಯಮ. ಆ ಸಂಖ್ಯೆ ಚಾಲ್ತಿಯಲ್ಲಿಲ್ಲದ ದಿನ ಏನಾದರೂ ಅವಘಡವಾದರೆ ವೃತ್ತಿ ವಿಮೆಯೂ ನೆರವಿಗೆ ಬರುವುದು ಕಷ್ಟ, ನ್ಯಾಯಾಲಯದಲ್ಲಿ ನಿಲ್ಲುವುದೂ ಕಷ್ಟ. ಅವರಿಗೆ ಅಡ್ಡಿಯಾಗಿರುವುದು ಬಹುಶಃ ಕಲಿಕೆಯಲ್ಲ. ಒಂಟಿ ಪ್ರಯಾಣ, ಕಂಪ್ಯೂಟರ್ ಅರ್ಜಿ, ಚಿಕ್ಕವರ ನಡುವೆ ಕುಳಿತುಕೊಳ್ಳುವ ಮುಜುಗರ ಇವೇ ಹೆಚ್ಚಾಗಿರಬಹುದು. ಕಾರ್ಯಕ್ರಮಗಳಿಗೆ ನಿಮ್ಮ ಕಾರಿನಲ್ಲೇ ಅವರನ್ನೂ ಕರೆದುಕೊಂಡು ಹೋಗಿ. ಅರ್ಜಿ ತುಂಬುವ ದಿನ ಪಕ್ಕದಲ್ಲಿ ಕುಳಿತುಕೊಳ್ಳಿ. ಆಡಿಟ್ ಮಾಡುವಾಗ ರಿಜಿಸ್ಟರ್‌ಗಳನ್ನು ಅದಲುಬದಲು ಮಾಡಿಕೊಳ್ಳಿ, ನಿಮ್ಮದನ್ನು ಅವರು ಎಣಿಸಲಿ, ಅವರದನ್ನು ನೀವು. ರೋಗಿಯ ಮನೆಯ ಪರಿಸ್ಥಿತಿ ತಿಳಿದು ಮಾತನಾಡುವುದರಲ್ಲಿ ಅವರಿಂದ ನಿಮಗೆ ಸಿಗುವುದು ಬಹಳವಿದೆ.

ಇಷ್ಟಾದ ಮೇಲೂ ನಿಲ್ಲಿಸುವುದೇ ಅವರ ಮನಸ್ಸಾದರೆ, ಅದನ್ನು ಗೌರವದಿಂದ ಒಪ್ಪಿಕೊಂಡು ಕ್ರಮವಾಗಿ ನಡೆಸಿಕೊಡಿ. ಮಧುಮೇಹ, ಮೂರ್ಛೆರೋಗ, ಕ್ಷಯ, ಹೃದ್ರೋಗಗಳ ಔಷಧದಲ್ಲಿರುವವರ ಪಟ್ಟಿ ಮಾಡಿ ಒಬ್ಬೊಬ್ಬರಿಗೂ ರೋಗದ ವಿವರ, ಈಗಿನ ಔಷಧ, ಪ್ರಮಾಣ ಬರೆದ ಪತ್ರ ಕೊಡಲಿ. ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಇಟ್ಟುಕೊಳ್ಳಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಒದಗಿಸಬೇಕು. ಕೊಟ್ಟ ವೈದ್ಯಕೀಯ ಪ್ರಮಾಣಪತ್ರಗಳ ರಿಜಿಸ್ಟರ್ ಕೂಡ ಜೋಪಾನವಾಗಿರಲಿ. ಕೆಪಿಎಂಇ ನೋಂದಣಿಯ ಬಗ್ಗೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಲಿ. ಮತ್ತು ಇದನ್ನೆಲ್ಲ ಮಳೆ ಹಿಡಿಯುವ ಮೊದಲೇ ಮುಗಿಸಲಿ. ಜೂನ್ ಬಂದ ಮೇಲೆ ಅವರ ರೋಗಿಗಳು ಹೊಸ ವೈದ್ಯರನ್ನು ಹುಡುಕಿಕೊಂಡು ದೂರ ಹೋಗುವುದು ಕಷ್ಟ.